ಅಮೆರಿಕದಲ್ಲಿ ಬೇಲ್ ಬೇಕಾದಾಗ: ಏಜೆಂಟ್ ಯಾರು, ಬೌಂಟಿ ಹಂಟರ್ ಯಾರು?

ಅಮೆರಿಕದಲ್ಲಿ ಓದುತ್ತಿರುವ ಮಗ, ಕೆಲಸದಲ್ಲಿರುವ ತಂಗಿ, ಮದುವೆಯಾಗಿ ಹೋದ ಗೆಳತಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಕುಡಿದು ಕಾರು ಓಡಿಸಿದ್ದಕ್ಕೋ, ಮನೆಯೊಳಗಿನ ಜಗಳಕ್ಕೋ, ಅಂಗಡಿಯಲ್ಲಿ ಬಿಲ್ ಆಗದ ಸಾಮಾನು ಕೈಯಲ್ಲಿದ್ದದ್ದಕ್ಕೋ ಅಲ್ಲಿನ ಪೊಲೀಸರು ಹಿಡಿದರೆ, ಮೊದಲು ಕೇಳಿಬರುವ ಮಾತು ಬೇಲ್ ಬಾಂಡ್, ಅಂದರೆ ಜಾಮೀನು ಮುಚ್ಚಳಿಕೆ. ಆಗ ಎದುರಾಗುವ ಇಬ್ಬರನ್ನು ಹೆಚ್ಚಿನವರು ಒಬ್ಬರೇ ಅಂದುಕೊಳ್ಳುತ್ತಾರೆ. ಒಬ್ಬರು ಕಮಿಷನ್ ತಗೊಂಡು ಜಾಮೀನು ನಿಲ್ಲುವ ಬಾಂಡ್ ಏಜೆಂಟ್, ಇನ್ನೊಬ್ಬರು ಓಡಿಹೋದ ಆರೋಪಿಯನ್ನು ಹಿಡಿದು ತರುವ ಬೌಂಟಿ ಹಂಟರ್. ಕೆಲಸ ಬೇರೆ, ದುಡ್ಡು ಬೇರೆ, ಅಧಿಕಾರವೂ ಬೇರೆ. ಆದರೆ ಇಬ್ಬರ ಬಲವೂ ಬರುವುದು ಒಂದೇ ಕಡೆಯಿಂದ: ನೀವು ಸಹಿ ಹಾಕುವ ಕರಾರು ಪತ್ರದಿಂದ.

ನಮ್ಮ ಕೋರ್ಟುಗಳಲ್ಲಿ ಪರಿಚಯದವರು ಯಾರಾದರೂ ಪಹಣಿ, ಆಧಾರ್ ಹಿಡಿದು ಬಂದು ಜಾಮೀನು ನಿಲ್ಲುತ್ತಾರೆ. ದುಡ್ಡು ತಗೊಂಡು ಜಾಮೀನು ನಿಲ್ಲುವುದನ್ನು ನಮ್ಮ ಕಾನೂನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಅದು ಲೈಸೆನ್ಸ್ ಪಡೆದು ಮಾಡುವ ವ್ಯಾಪಾರ. 1898ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೆಕ್‌ಡೊನೊ ಸೋದರರು ತಮ್ಮ ಬಾರ್‌ನಿಂದಲೇ ಶುರು ಮಾಡಿದ ಈ ಕಸುಬು ಇವತ್ತು ದೊಡ್ಡ ಉದ್ಯಮ. ಏಜೆಂಟರ ಬೆನ್ನಿಗೆ ವಿಮಾ ಕಂಪನಿಗಳಿವೆ.

ಮೊದಲು ಗೊತ್ತು ಮಾಡಿಕೊಳ್ಳಬೇಕಾದದ್ದು

ಯಾವ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಜೈಲು, ಜೈಲಿನ ದಾಖಲೆಯಲ್ಲಿ ಬಂಧಿತರಿಗೆ ಕೊಟ್ಟ ಬುಕಿಂಗ್ ನಂಬರ್ ಎಷ್ಟು, ಬೇಲ್ ಮೊತ್ತ ಎಷ್ಟು, ಇಮಿಗ್ರೇಷನ್ ಇಲಾಖೆಯ ತಡೆ ಏನಾದರೂ ಇದೆಯೇ? ಈ ನಾಲ್ಕು ಗೊತ್ತಾಗುವ ತನಕ ಯಾರಿಗೂ ದುಡ್ಡು ಕಳಿಸಬೇಡಿ. ಬಹಳಷ್ಟು ಕೌಂಟಿಗಳ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ವಿವರ ಸಿಗುತ್ತದೆ. ಇಮಿಗ್ರೇಷನ್ ತಡೆ ಇದ್ದರೆ ಬೇಲ್ ಕಟ್ಟಿದ ಮೇಲೂ ಮನುಷ್ಯ ಹೊರಗೆ ಬರದೆ ಇನ್ನೊಂದು ಬಂಧನಕ್ಕೆ ಹೋಗಬಹುದು. ಹಾಗಾಗಿ ವೀಸಾದಲ್ಲಿ ಇರುವವರ ವಿಷಯದಲ್ಲಿ ಬೇಲ್‌ಗೆ ಮೊದಲೇ ವಕೀಲರನ್ನು ಕೇಳಬೇಕು. ಭಾರತೀಯ ಕಾನ್ಸುಲೇಟ್‌ಗೆ ತಿಳಿಸಿ ಎಂದು ಕೇಳುವ ಹಕ್ಕೂ ಬಂಧಿತರಿಗಿದೆ.

‘ನಿಮ್ಮ ಮಗ ಜೈಲಲ್ಲಿದ್ದಾನೆ, ತಕ್ಷಣ ಗಿಫ್ಟ್ ಕಾರ್ಡಿನಲ್ಲಿ ಬೇಲ್ ಹಣ ಕಳಿಸಿ’ ಎಂದು ಫೋನ್ ಬಂದರೆ ಅದು ಮೋಸ. ಯಾವ ಕೋರ್ಟೂ ಗಿಫ್ಟ್ ಕಾರ್ಡಿನಲ್ಲಿ ಬೇಲ್ ತಗೊಳ್ಳುವುದಿಲ್ಲ.

ಆ ರಾಜ್ಯದಲ್ಲಿ ಬಾಂಡ್ ಏಜೆಂಟ್ ಇದ್ದಾರಾ ನೋಡಿ

ಎಲ್ಲ ರಾಜ್ಯಗಳಲ್ಲೂ ಈ ವ್ಯಾಪಾರ ಇಲ್ಲ. ಕೆಂಟಕಿ, ಆರೆಗಾನ್, ವಿಸ್ಕಾನ್ಸಿನ್, ಇಲಿನಾಯ್ ರಾಜ್ಯಗಳು ಇದಕ್ಕೆ ಬಾಗಿಲು ಹಾಕಿವೆ. ಇಲಿನಾಯ್ ಅಂತೂ 2023ರ ಸೆಪ್ಟೆಂಬರ್‌ನಿಂದ ಹಣದ ಬೇಲನ್ನೇ ತೆಗೆದುಹಾಕಿದೆ. ಅಲ್ಲಿ, ಶಿಕಾಗೋದ ಕೌಂಟಿ ಕೋರ್ಟಿನ ಕೇಸಿಗೆ ‘ಬಾಂಡ್ ಕೊಡಿಸ್ತೀನಿ’ ಅಂದವರನ್ನು ನಂಬಬೇಡಿ.

ಏಜೆಂಟ್ ಮಾಡುವ ಕೆಲಸ

ಜಡ್ಜ್ 20,000 ಡಾಲರ್ ಬೇಲ್ ಹಾಕಿದರು ಅನ್ನಿ. ನಿಮಗೆ ಎರಡು ದಾರಿ. ಇಡೀ ಮೊತ್ತವನ್ನು ನೀವೇ ಕೋರ್ಟಿಗೆ ಕಟ್ಟಬಹುದು. ಆರೋಪಿ ಎಲ್ಲ ದಿನಾಂಕಗಳಿಗೂ ಹಾಜರಾದರೆ, ಕೇಸು ಮುಗಿದ ಮೇಲೆ ಆ ಹಣ ವಾಪಸ್ ಬರುತ್ತದೆ. ಕೆಲವು ಕಡೆ ಒಂದಿಷ್ಟು ಶುಲ್ಕ ಅಥವಾ ದಂಡ ಮುರಿದುಕೊಳ್ಳುತ್ತಾರೆ, ಅಷ್ಟೇ. ಎರಡನೆಯ ದಾರಿ ಏಜೆಂಟ್. ಸಾಮಾನ್ಯವಾಗಿ ಶೇ 10, ಅಂದರೆ 2,000 ಡಾಲರ್ ಕಮಿಷನ್ ಅವರಿಗೆ ಕೊಡುತ್ತೀರಿ. ‘ಇವರು ಬರದಿದ್ದರೆ 20,000 ನಾವು ಕಟ್ಟುತ್ತೇವೆ’ ಎಂದು ಅವರು ಕೋರ್ಟಿಗೆ ಬರೆದುಕೊಡುತ್ತಾರೆ.

ಆ 2,000 ಡಾಲರ್ ಮತ್ತೆ ಬರುವುದಿಲ್ಲ. ಕೇಸು ವಜಾ ಆದರೂ, ನಿರಪರಾಧಿ ಅಂತ ತೀರ್ಪು ಬಂದರೂ ಬರುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮವರು ಇದನ್ನು ಠೇವಣಿ ಅಂದುಕೊಂಡು ಕೊಟ್ಟು, ಆಮೇಲೆ ಏಜೆಂಟರ ಬಾಗಿಲಿಗೆ ಅಲೆಯಬಾರದು. ಊರಿನಿಂದ ಹಣ ಹೊಂದಿಸಲು ಸಾಧ್ಯವಿದ್ದರೆ, ನೇರವಾಗಿ ಕೋರ್ಟಿಗೆ ಕಟ್ಟುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಅದಕ್ಕೂ ಮೊದಲು ಮೊತ್ತ ಇಳಿಸಿ ಎಂದು ವಕೀಲರ ಮೂಲಕ ಜಡ್ಜ್‌ರನ್ನು ಕೇಳಬಹುದು. ಅತಿಯಾದ ಬೇಲ್ ಕೇಳಬಾರದು ಎಂದು ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿಯೇ ಹೇಳುತ್ತದೆ.

ಏಜೆಂಟರ ಹತ್ತಿರ ಹೋಗಲೇಬೇಕಾದರೆ, ಮೊದಲು ಅವರ ಲೈಸೆನ್ಸ್ ನಂಬರ್ ಕೇಳಿ. ಬಹಳಷ್ಟು ರಾಜ್ಯಗಳಲ್ಲಿ ವಿಮಾ ಇಲಾಖೆಯ ವೆಬ್‌ಸೈಟಿನಲ್ಲಿ ಅದನ್ನು ತಾಳೆ ನೋಡಬಹುದು. ನಂತರ ಕರಾರು ಪತ್ರ ಕೂತು ಓದಿ. ಅವಸರದಲ್ಲಿ, ರಾತ್ರಿ ಹೊತ್ತಿನಲ್ಲಿ, ಫೋನಿನ ಪರದೆ ಮೇಲೆ ಸಹಿ ಹಾಕಿಸುವವರಿದ್ದಾರೆ. ಮೂರು ವಿಷಯ ಹುಡುಕಿ. ಜೊತೆಗೆ ಸಹಿ ಹಾಕುವವರ ಹೊಣೆ ಎಷ್ಟು? ಒತ್ತೆಯಾಗಿ ಮನೆ, ಕಾರು ಬರೆಸಿಕೊಂಡಿದ್ದಾರಾ, ಅದನ್ನು ಯಾವಾಗ ಬಿಟ್ಟುಕೊಡುತ್ತಾರೆ? ಆರೋಪಿ ಓಡಿಹೋದರೆ ಹುಡುಕುವ ಖರ್ಚು ಯಾರದು? ಸಾಮಾನ್ಯವಾಗಿ ಈ ಮೂರನೆಯದೂ ಸಹಿ ಹಾಕಿದವರ ತಲೆಗೇ ಬರುತ್ತದೆ. ರೂಮ್‌ಮೇಟ್‌ಗಾಗಿ ಸುಮ್ನೆ ಒಂದು ಸಹಿ ಹಾಕಿದೆ ಅನ್ನುವ ಹುಡುಗ 20,000 ಡಾಲರ್ ಜೊತೆಗೆ ಆ ಖರ್ಚನ್ನೂ ಹೊರಬೇಕಾಗಬಹುದು.

ಬೌಂಟಿ ಹಂಟರ್ ಬರುವುದು ಯಾವಾಗ?

ಆರೋಪಿ ಕೋರ್ಟಿಗೆ ಬರಲಿಲ್ಲ. ಜಡ್ಜ್ ವಾರಂಟ್ ಹೊರಡಿಸುತ್ತಾರೆ, ಬಾಂಡ್ ಮುಟ್ಟುಗೋಲಿಗೆ ಬರುತ್ತದೆ. ಆದರೆ ಏಜೆಂಟ್ ತಕ್ಷಣ ಹಣ ಕಟ್ಟಬೇಕಿಲ್ಲ, ಒಂದಿಷ್ಟು ಗಡುವು ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು 180 ದಿನ. ಅಷ್ಟರಲ್ಲಿ ಆರೋಪಿಯನ್ನು ತಂದು ಒಪ್ಪಿಸಿದರೆ ಹಣ ಉಳಿಯುತ್ತದೆ. ಈ ಹುಡುಕಾಟಕ್ಕೆ ಏಜೆಂಟ್ ಗೊತ್ತು ಮಾಡುವವರೇ ಬೌಂಟಿ ಹಂಟರ್. ಹಿಡಿದು ತಂದರೆ ಬಾಂಡ್ ಮೊತ್ತದ ಶೇ 10ರಿಂದ 20ರವರೆಗೆ ಸಿಗುವುದು ರೂಢಿ. ಹಿಡಿಯದಿದ್ದರೆ ಸಾಮಾನ್ಯವಾಗಿ ಏನೂ ಇಲ್ಲ. ಏಜೆಂಟರಿಗೆ ಕಮಿಷನ್ ಮೊದಲೇ ಕೈಸೇರಿರುತ್ತದೆ, ಇವರಿಗೆ ಕೆಲಸ ಆದಮೇಲೆ. ಇವರು ಯಾಕೆ ಅಷ್ಟು ಜೋರು ಮಾಡುತ್ತಾರೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಇವರು ಪೊಲೀಸರಲ್ಲ. ಬ್ಯಾಡ್ಜ್, ಗುಂಡು ತಡೆಯುವ ಜಾಕೆಟ್ ಹಾಕಿಕೊಂಡರೂ ಸರ್ಕಾರಿ ನೌಕರರಲ್ಲ. 1872ರ ಟೇಲರ್–ಟೇಂಟರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಜಾಮೀನು ಕೊಟ್ಟವರು ಆರೋಪಿಯನ್ನು ಬೇರೆ ರಾಜ್ಯಕ್ಕೂ ಬೆನ್ನಟ್ಟಬಹುದು, ಬೇಕಿದ್ದರೆ ಅವನ ಮನೆಯೊಳಕ್ಕೇ ನುಗ್ಗಿ ಹಿಡಿಯಬಹುದು ಅಂದಿತು. ಆ ಮಾತಿನ ಬಲ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ರಾಜ್ಯಗಳು ಮೂಗುದಾರ ಹಾಕಿವೆ. ಫ್ಲೋರಿಡಾದಲ್ಲಿ ಲೈಸೆನ್ಸ್ ಇರುವ ಬೇಲ್ ಏಜೆಂಟರಿಗೇ ಈ ಕೆಲಸ, ತಾನು ಬೌಂಟಿ ಹಂಟರ್ ಎಂದು ಹೇಳಿಕೊಳ್ಳುವುದೂ ತಪ್ಪು. ಕ್ಯಾಲಿಫೋರ್ನಿಯಾದಲ್ಲಿ ಹಿಡಿಯಲು ಹೋಗುವ ಮೊದಲು ಸ್ಥಳೀಯ ಪೊಲೀಸರಿಗೆ ತಿಳಿಸಬೇಕು.

ಅಂಥವರು ನಿಮ್ಮ ಬಾಗಿಲಿಗೆ ಬಂದರೆ ಮೊದಲು ಪೊಲೀಸರ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಬಾಂಡಿನ ಪ್ರತಿ, ಏಜೆಂಟ್ ಕೊಟ್ಟ ಅಧಿಕಾರ ಪತ್ರ, ಗುರುತಿನ ಚೀಟಿ ತೋರಿಸಿ ಅನ್ನಿ. ಹುಡುಕುತ್ತಿರುವ ವ್ಯಕ್ತಿ ಆ ಮನೆಯವರಲ್ಲದಿದ್ದರೆ, ಒಪ್ಪಿಗೆಯಿಲ್ಲದೆ ಒಳಗೆ ಬರುವ ಹಕ್ಕು ಸಾಮಾನ್ಯವಾಗಿ ಅವರಿಗಿಲ್ಲ. ಕೈ ಮಾತ್ರ ಮಾಡಬೇಡಿ.

‘ಊರಿಗೆ ಬಂದುಬಿಡು’ ಅನ್ನುವ ಮೊದಲು

ಗಾಬರಿಯಲ್ಲಿ ಅಪ್ಪ ಅಮ್ಮ ಹೇಳುವ ಮಾತು ಇದು. ಬೌಂಟಿ ಹಂಟರ್ ಬೆಂಗಳೂರಿಗೆ ಬಂದು ಹಿಡಿಯಲಾರ, ನಿಜ. 1981ರಲ್ಲಿ ಕೆನಡಾದ ಟೊರಾಂಟೋದಿಂದ ಒಬ್ಬನನ್ನು ಎತ್ತಿಕೊಂಡು ಫ್ಲೋರಿಡಾಕ್ಕೆ ಹೋದವರ ಮೇಲೆ ಕೆನಡಾದಲ್ಲಿ ಅಪಹರಣದ ಕೇಸು ಬಿತ್ತು, ಶಿಕ್ಷೆಯೂ ಆಯಿತು. 2003ರಲ್ಲಿ ಹೆಸರಾಂತ ಬೌಂಟಿ ಹಂಟರ್ ಡ್ವೇನ್ ಚಾಪ್‌ಮನ್ ಮೆಕ್ಸಿಕೋದಲ್ಲಿ ಒಬ್ಬ ಪರಾರಿಯನ್ನು ಹಿಡಿದು ತಾವೇ ಅಲ್ಲಿನ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಅಮೆರಿಕದ ಗಡಿ ದಾಟಿದರೆ ಆ ಅಧಿಕಾರ ನಡೆಯುವುದಿಲ್ಲ.

ಆದರೆ ವಾರಂಟ್ ಹಾಗೇ ಇರುತ್ತದೆ. ಭಾರತ ಮತ್ತು ಅಮೆರಿಕದ ನಡುವೆ 1997ರಲ್ಲಿ ಸಹಿಯಾದ, ಆರೋಪಿಗಳ ಹಸ್ತಾಂತರ ಒಪ್ಪಂದವೂ ಇದೆ. ಮತ್ತೆ ವೀಸಾ ಸಿಗುವುದು ಕಷ್ಟ. ಅಲ್ಲಿ ಸಹಿ ಹಾಕಿದ ಗೆಳೆಯ ಪೂರ್ತಿ ಬಾಂಡ್ ಹಣ ಕಟ್ಟಬೇಕು. ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಬರಲೇಬೇಕು ಅಂದರೆ ದಾರಿ ಇದೆ: ಆಸ್ಪತ್ರೆಯ ಪತ್ರ, ಹೋಗಿ ಬರುವ ಎರಡೂ ಟಿಕೆಟ್ ವಿವರ ಕೊಟ್ಟು ವಕೀಲರಿಂದ ಕೋರ್ಟಿನ ಅನುಮತಿ ಕೇಳಿಸಿ, ಏಜೆಂಟರ ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಹಾಜರಿಯ ದಿನಾಂಕ ತಪ್ಪಿಹೋಗಿದ್ದರೂ ಅಷ್ಟೇ. ಅದೇ ದಿನ ಮೊದಲು ವಕೀಲರಿಗೆ, ಆಮೇಲೆ ಏಜೆಂಟರಿಗೆ ಫೋನ್ ಮಾಡಿ. ತಾವಾಗಿಯೇ ಹಾಜರಾದವರಿಗೆ ಅದೇ ಬಾಂಡನ್ನು ಜಡ್ಜ್ ಮುಂದುವರಿಸುವ ಸಾಧ್ಯತೆ ಜಾಸ್ತಿ.