ಗೋಡೆಯಿಂದ ಇಳಿಸದೆಯೇ ಗ್ಯಾಸ್ ಗೀಸರ್ ಸರ್ವಿಸ್: ನನ್ನ ಅನುಭವ

"ಗೀಸರ್ ಕೆಳಗಿಳಿಸದೆ ಕಾಯಿಲ್ ತೊಳೆಯೋದಾ? ಆಗೋ ಮಾತಲ್ಲ ಬಿಡಪ್ಪ" ಎಂದು ನಮ್ಮ ಕಸುಬಿನ ಹಿರಿಯರು ಹೇಳುತ್ತಲೇ ಬಂದರು. ಈಗ ಅವರಲ್ಲೇ ಕೆಲವರು ನನ್ನ ವಾಲ್ವ್ ಜೋಡಣೆಯ ಫೋಟೊ ತರಿಸಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಯಿಲ್ ಅಂದರೆ ಉರಿಯ ಮೇಲೆ ನೀರು ಹರಿದು ಕಾಯುವ ಕೊಳವೆ ಸುರುಳಿ; ನೀರಿನ ಸುಣ್ಣ ಅದರೊಳಗೇ ಕಟ್ಟುವುದು.

ಇಳಿಸುವುದರಲ್ಲೇ ಅಪಾಯ ಇರುವುದು. ಬಾಗಿಲಿನ ಮೇಲೋ ಕಪಾಟಿನ ಮೂಲೆಯಲ್ಲೋ ಗೀಸರ್ ಕೂರಿಸಿರುತ್ತಾರೆ. ಸ್ಟೂಲ್ ಹತ್ತಿ ಒಂದು ಕೈಯಲ್ಲಿ ಗೀಸರ್, ಇನ್ನೊಂದರಲ್ಲಿ ಸ್ಪ್ಯಾನರ್. ಜೊತೆಗೆ ಸಲಸಲಕ್ಕೂ ಗ್ಯಾಸ್ ನಟ್ ಬಿಚ್ಚಿ ಬಿಗಿದರೆ ಒಂದಲ್ಲ ಒಂದು ದಿನ ಅಲ್ಲೇ ಲೀಕ್. ಗ್ಯಾಸ್ ಜಾಯಿಂಟ್ ಮುಟ್ಟದೆ ನೀರಿನ ಕಡೆಯಿಂದಲೇ ಕೆಲಸ ಮುಗಿಸಬೇಕು ಅನ್ನುವುದು ನನ್ನ ಹಟ.

ತಣ್ಣೀರು, ಬಿಸಿನೀರು ಎರಡೂ ಪೈಪಿಗೆ ಗೀಸರಿನ ಕೆಳಗೇ ಒಂದೊಂದು ಬಾಲ್ ವಾಲ್ವ್. ವಾಲ್ವಿಗೂ ಗೀಸರಿಗೂ ನಡುವೆ ಟೀ (T ಆಕಾರದ ಜೋಡಣೆ) ಹಾಕಿ ಒಂದೊಂದು ಸಣ್ಣ ನಲ್ಲಿ. ಇಷ್ಟೇ. ಗೀಸರಿನ ಮುಂದೆ ಗಟ್ಟಿ ಏಣಿ ನಿಲ್ಲುವಷ್ಟು, ಸುಮಾರು ಎರಡಡಿ ಜಾಗ ಬೇಕು. ಕಪಾಟು ಅಡ್ಡ ಬಂದರೆ ಅದನ್ನು ಕೊಯ್ಯಿಸದೆ ಶುರು ಮಾಡುವುದಿಲ್ಲ.

ಸಿಲಿಂಡರ್, ಎರಡೂ ಬಾಲ್ ವಾಲ್ವ್ ಬಂದ್ ಮಾಡಿ, ಗೀಸರಿನ ಎರಡೂ ಸೆಲ್ ತೆಗೆದಿಡಿ. ಇದನ್ನು ಒತ್ತಿ ಹೇಳುತ್ತೇನೆ: ತೊಳೆಯುವ ಪಂಪ್ ನೀರು ತಳ್ಳಿದರೆ ಗೀಸರಿನೊಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಮೈಕ್ರೋಸ್ವಿಚ್ಚನ್ನು (ಪುಟ್ಟ ಸ್ವಿಚ್) ಒತ್ತುತ್ತದೆ, ಸೆಲ್ ಇದ್ದರೆ ಕಿಡಿ ಹಾರುತ್ತದೆ. ಇನ್‌ಲೆಟ್ ಜಾಲರಿ ತೊಳೆದು, ಕೂಲರ್ ಪಂಪಿನಿಂದ ತಣ್ಣೀರಿನ ನಲ್ಲಿಗೆ ಹೋಸ್, ಬಿಸಿನೀರಿನ ನಲ್ಲಿಯಿಂದ ವಾಪಸ್ ಬಕೆಟ್ಟಿಗೆ. ಈ ಪಂಪಿಗೆ ಎತ್ತರಕ್ಕೆ ತಳ್ಳುವ ಶಕ್ತಿ ಕಡಿಮೆ, ಬಕೆಟ್ ಗೀಸರಿನ ಹತ್ತಿರಕ್ಕೇ ಏರಿಸಿಡಬೇಕು. ಐದಾರು ಲೀಟರ್ ಉಗುರುಬೆಚ್ಚಗಿನ ನೀರು, ಲೀಟರಿಗೆ 50 ಗ್ರಾಂ ಆಸುಪಾಸು ಸಿಟ್ರಿಕ್ ಆಸಿಡ್. ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ವಾಪಸ್ ಹೋಸಿನಲ್ಲಿ ಗುಳ್ಳೆ ನಿಂತರೆ ಸುಣ್ಣ ಕರಗಿತು, ಇಲ್ಲವೇ ಆಸಿಡ್ ತೀರಿತು ಎಂದರ್ಥ. ಆಮೇಲೆ ಸೋಡಾಪುಡಿ ನೀರು, ಕೊನೆಗೆ ಧಾರಾಳವಾಗಿ ಬರೀ ನೀರು. ಹಳೇ ಡಯಾಫ್ರಮ್ಮಿಗೆ ತೊಂದರೆಯಾಗದಂತೆ ನಾನು ಮಾಡುವ ಒಂದು ಏರ್ಪಾಡಿದೆ, ಅದು ನನ್ನಲ್ಲೇ ಇರಲಿ.

ಇದಕ್ಕೆ ಮುಂಚೆ ಗುಜರಿ ಕಾಯಿಲ್‌ಗಳ ಮೇಲೆ ಎಲ್ಲ ಪ್ರಯೋಗ ಆಯಿತು. ವಿನೆಗರ್‌ಗೆ ಇಡೀ ದಿನ ಹಿಡಿಯಿತು. ಹೈಡ್ರೋಕ್ಲೋರಿಕ್ ಆಸಿಡ್ ನಿಮಿಷಗಳಲ್ಲಿ ಸುಣ್ಣ ತೆಗೆಯಿತು, ಬೆಸುಗೆಯನ್ನೂ ತೆಗೆಯಿತು, ಸೂಜಿಮೊನೆಯಷ್ಟು ತೂತುಗಳು. ಸಿಟ್ರಿಕ್ ಜಾಸ್ತಿ ಹಾಕಿ ಬಿಸಿ ಮಾಡಿದರೆ ಕ್ಯಾಲ್ಸಿಯಂ ಸಿಟ್ರೇಟ್ ಬಿಳಿ ಗಷ್ಟಾಗಿ ಕೂತು ಹೊಸ ತಲೆನೋವು. ಪೈಪಿಗೆ ಮ್ಯಾಗ್ನೆಟ್ ಕಟ್ಟಿಯೂ ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ನೀರಿನ ಬಿಸಿ ತಗ್ಗಿಸಿದಾಗ ಮಾತ್ರ ವ್ಯತ್ಯಾಸ ಕಂಡಿತು. ಅಷ್ಟು ಬೇಗ ಸುಣ್ಣ ಕಟ್ಟುವುದಿಲ್ಲ.

ಖರ್ಚಿನ ಮಾತು. ಹೊಸ ಕಾಯಿಲ್ ಅಂದರೆ ಹೊಸ ಗೀಸರಿನ ಮೂರನೇ ಒಂದು ಪಾಲು, ಕೂಲಿ ಬೇರೆ. ವಾಲ್ವು, ಟೀ, ನಲ್ಲಿ ಎಲ್ಲ ಸೇರಿ ಹೆಚ್ಚುಕಡಿಮೆ ಎರಡು ಸರ್ವಿಸಿನ ಕೂಲಿ, ಅದೂ ಒಂದೇ ಸಲ. ಮುಂಚೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸಕ್ಕೆ ಈಗ ಒಂದೂವರೆ ಗಂಟೆ.

ಮುಗಿದ ಮೇಲೆ ಗ್ಯಾಸ್ ಬಿಟ್ಟು, ಮುಟ್ಟದ ಜಾಯಿಂಟಿಗೂ ಸೋಪ್ ನೀರು ಹಚ್ಚಿ ನೋಡುತ್ತೇನೆ. ಉರಿ ನೀಲಿ ಇರಬೇಕು. ಹಳದಿ ಇದ್ದರೆ ಬರ್ನರ್, ಫಿನ್‌ಗಳ (ಕಾಯಿಲ್ಲಿನ ತೆಳು ತಗಡುಗಳ) ಮಸಿ ನೋಡಬೇಕು, ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಚ್ಚಲೊಳಗೇ ಗೀಸರ್ ಇಟ್ಟವರಿಗೆ ಮೊದಲು ಹೊರಗೆ ಹಾಕಿಸಿ ಅನ್ನುತ್ತೇನೆ. ಅಲ್ಲಿಯವರೆಗೆ ವಾಲ್ವ್ ಕೆಲಸಕ್ಕೇ ಕೈ ಹಾಕುವುದಿಲ್ಲ.