ಮುಂಬೈನ ಕಾಂಚನಜುಂಗಾ ಬಿಲ್ಡಿಂಗನ್ನ ಕಾಂಕ್ರೀಟ್‌ನಲ್ಲೇ ಪುಟ್ಟದಾಗಿ ಮಾಡೋದು ಹೇಗೆ

ಮುಂಬೈನ ಕಂಬಾಲಾ ಹಿಲ್‌ನಲ್ಲಿರೋ ಕಾಂಚನಜುಂಗಾ ಅಪಾರ್ಟ್‌ಮೆಂಟ್‌ನ ಫೋಟೋದಲ್ಲಾದ್ರೂ ನೋಡಿರ್ತೀರ, ಎತ್ತರಕ್ಕೆ ನಿಂತಿರೋ ಚೌಕದ ಕಂಬ, ಅದರ ಮೂಲೆಗಳಲ್ಲಿ ಬೆಣ್ಣೆ ಕೊಯ್ದು ತೆಗೆದ ಹಾಗೆ ದೊಡ್ಡ ದೊಡ್ಡ ಖಾಲಿ ಜಾಗ. ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರ ಡಿಸೈನ್, 1983ರಲ್ಲಿ ಮುಗೀತು, ನಮ್ಮ ಬೆಂಗಳೂರಿನ ವಿಶ್ವೇಶ್ವರಯ್ಯ ಟವರ್ ಕೂಡ ಅವರದ್ದೇ. ಮೊದಲ್ನೇ ಸಲ ಕಾಂಕ್ರೀಟ್ ಮಾಡೆಲ್ ಮಾಡ್ತೀನಿ ಅನ್ನೋರಿಗೆ ನಾನು ಹೇಳೋದು ಇದನ್ನೇ, ಯಾಕಂದ್ರೆ ಅಳತೆ ಅಷ್ಟು ಚೆನ್ನಾಗಿ ಕೂರತ್ತೆ. ಪ್ಲಾನ್ 21 ಮೀಟರ್ ಚೌಕ, ಎತ್ತರ 84 ಮೀಟರ್, 28 ಮಹಡಿ. 1:500 ಸ್ಕೇಲ್‌ಗೆ ಇಳಿಸಿದ್ರೆ 42 ಮಿಮೀ ಚೌಕ, 168 ಮಿಮೀ ಎತ್ತರ, ಮಹಡಿಗೆ 6 ಮಿಮೀ.

ಶುರು ಮಾಡೋಕೆ ಮುಂಚೆ ಆ ಮೂಲೆಗಳು ಯಾಕಿವೆ ಅಂತ ಗೊತ್ತಿರ್ಬೇಕು. ಮುಂಬೈಲಿ ಸಮುದ್ರದ ಗಾಳಿ ಬೇಕು ಅಂದ್ರೆ ಮನೆ ಪೂರ್ವ ಪಶ್ಚಿಮಕ್ಕೆ ತೆರ್ಕೋಬೇಕು, ಆದ್ರೆ ಸುಡೋ ಬಿಸಿಲು, ಹೊಡೆಯೋ ಮಳೆ ಬರೋದೂ ಆ ಕಡೆಯಿಂದ್ಲೇ. ಹಳೇ ಬಂಗಲೆಗಳಲ್ಲಿ ಸುತ್ತ ವರಾಂಡ ಇಟ್ಟು ಒಳಗಿನ ಕೋಣೆ ಕಾಪಾಡ್ತಿದ್ರಲ್ಲ, ಅದನ್ನೇ ಕೊರಿಯಾ ಎತ್ತರದ ಬಿಲ್ಡಿಂಗ್‌ಗೆ ತಂದು ಎರಡು ಮಹಡಿ ಎತ್ತರದ ಟೆರೇಸ್ ಮಾಡಿ ಮೂಲೆಗಿಟ್ರು. ಹಾಗಾಗಿ ಈ ಮಾಡೆಲ್‌ನಲ್ಲಿ ನೀವು ನಿಜವಾಗ್ಲೂ ಮಾಡ್ತಿರೋದು ಆ ಖಾಲಿ ಜಾಗಾನ. ಗೋಡೆ ಮೇಲೆ ನಾಲ್ಕು ಸಣ್ಣ ತೂತು ಬಿದ್ರೂ ಕಣ್ಣಿಗೆ ಹೊಡೆಯಲ್ಲ, ಟೆರೇಸ್‌ನ ಅಂಚು ಮೊಂಡಾಯ್ತೋ ಇಡೀ ಬಿಲ್ಡಿಂಗ್ ಸೋಪಿನ ತುಂಡಿನ ಹಾಗೆ ಕಾಣತ್ತೆ.

ಮೊದಲು ಮಾಸ್ಟರ್, ಅಂದ್ರೆ ಮೋಲ್ಡ್ ತೆಗೆಯೋಕೆ ಬೇಕಾದ ಮೂಲ ಮಾದರಿ. 3 ಮಿಮೀ ಸನ್‌ಬೋರ್ಡ್, ಅಂದ್ರೆ ಹಗುರ ಫೋಮ್ ಶೀಟ್ ತಗೊಂಡು 42 ಮಿಮೀ ಚೌಕಗಳನ್ನ 56 ಕತ್ತರಿಸ್ಕೊಳ್ಳಿ, ಎರಡು ಚೌಕ ಸೇರಿದ್ರೆ ಒಂದು ಮಹಡಿ, ನಾಲ್ಕು ಸೇರಿದ್ರೆ ಒಂದು ಟೆರೇಸ್‌ನ ಎತ್ತರ. ಕತ್ತರಿಸೋಕೆ ಮುಂಚೆ ಹತ್ತು ಪದರ ಜೋಡಿಸಿ ಅಳೀರಿ, 3 ಮಿಮೀ ಅಂತ ಕೊಟ್ಟಿರೋ ಶೀಟ್ ಎಷ್ಟೋ ಸಲ 2.8 ಇರತ್ತೆ, 56 ಪದರಕ್ಕೆ ಅದೇ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಕಮ್ಮಿ ಆಗ್ಬಿಡತ್ತೆ. ಟೆರೇಸ್ ಯಾವ್ಯಾವ ಮಹಡಿಲಿ ಯಾವ ಮೂಲೆಗೆ ಬರತ್ತೆ ಅಂತ ನಾಲ್ಕೂ ಕಡೆಯ ಎಲಿವೇಶನ್ ಡ್ರಾಯಿಂಗ್ (ಬಿಲ್ಡಿಂಗ್ ಎದುರಿಂದ ಹೇಗೆ ಕಾಣತ್ತೆ ಅನ್ನೋ ಚಿತ್ರ) ಮುಂದಿಟ್ಕೊಂಡು ಚೌಕಗಳ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಆಮೇಲೆ ಮೂಲೆ ಕತ್ತರಿಸಿ, ಹೊಸ ಬ್ಲೇಡ್‌ನಲ್ಲೇ. ಫೆವಿಕ್ವಿಕ್ ಹಾಕಿ ಒಂದರ ಮೇಲೊಂದು ಅಂಟಿಸ್ತಾ ಪ್ರತಿ ಹತ್ತು ಪದರಕ್ಕೆ ಮೂಲೆಮಟ್ಟ ಹಿಡಿದು ನೋಡಿ. ಕೊನೆಗೆ ಸಂದುಗಳಿಗೆ ಪುಟ್ಟಿ ತುಂಬಿ ಸ್ಯಾಂಡ್‌ಪೇಪರ್ ಉಜ್ಜಿ. ಟೆರೇಸ್‌ನ ಅಡ್ಡಗೋಡೆ, ರೇಲಿಂಗ್ ಎಲ್ಲ ಮಾಡೋಕೆ ಹೋಗ್ಬೇಡಿ, 3 ಮಿಮೀಗಿಂತ ತೆಳು ಇದ್ರೆ ಮೋಲ್ಡ್ ಬಿಚ್ಚುವಾಗ್ಲೇ ಮುರಿಯತ್ತೆ. ಈ ಮಾಸ್ಟರ್‌ಗೆ ಎರಡು ಭಾನುವಾರ ಹಿಡಿದ್ರೂ ಹಿಡೀಲಿ.

ಮೋಲ್ಡ್‌ಗೆ ಆರ್‌ಟಿವಿ ಸಿಲಿಕೋನ್ ಬೇಕು, ಹಾರ್ಡ್ನರ್ ಬೆರೆಸಿದ್ರೆ ಬಿಸಿ ಮಾಡ್ದೇನೇ ರಬ್ಬರ್ ಹಾಗೆ ಗಟ್ಟಿಯಾಗೋ ದ್ರವ ಅದು. ಮಾಸ್ಟರನ್ನ ಬುಡ ಕೆಳಗೆ ಮಾಡಿ ಹಲಗೆಗೆ ಅಂಟಿಸಿ, ಸುತ್ತ ಹಾಗೂ ಮೇಲೆ 10 ಮಿಮೀ ಜಾಗ ಬಿಟ್ಟು ಸನ್‌ಬೋರ್ಡ್‌ನಲ್ಲೇ ಪೆಟ್ಟಿಗೆ ಕಟ್ಟಿ, ಹೆಚ್ಚುಕಮ್ಮಿ ಅರ್ಧ ಕೆಜಿ ಸಿಲಿಕೋನ್ ಹಿಡಿಯತ್ತೆ. ಹಾರ್ಡ್ನರ್ ಡಬ್ಬಿ ಮೇಲೆ ಬರೆದಷ್ಟೇ ಹಾಕಿ, ತೂಕ ಮಾಡಿ. ಒಂದು ಮೂಲೆಯಿಂದ ನೂಲಿನ ಹಾಗೆ ಸಣ್ಣಗೆ ಸುರೀತಾ ಬನ್ನಿ, ಅದೇ ತಾನಾಗಿ ಮೇಲೇರ್ಲಿ. ಮಾರನೇ ದಿನ ಒಂದು ಅಂಚಲ್ಲಿ ಮೇಲಿಂದ ಕೆಳಗೆ ಸ್ವಲ್ಪ ಅಂಕುಡೊಂಕಾಗಿ ಸೀಳಿ ಮಾಸ್ಟರ್ ತೆಗೀರಿ. ಹಾಗೆ ಸೀಳಿದ್ರೆ ವಾಪಸ್ ಮುಚ್ಚಿದಾಗ ಸರಿಯಾಗಿ ಕೂರತ್ತೆ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ.

ಈಗ ಕಾಂಕ್ರೀಟ್. ಹೆಸರಿಗೆ ಕಾಂಕ್ರೀಟ್, ಆದ್ರೆ ಈ ಅಳತೆಗೆ ಜಲ್ಲಿ ಹಾಕೋ ಹಾಗಿಲ್ಲ. ಸಿಮೆಂಟ್ 250 ಗ್ರಾಂ, ಮರಳು 375 ಗ್ರಾಂ, ನೀರು 100 ಗ್ರಾಂ, ಜೊತೆಗೆ 2 ಗ್ರಾಂ ಸೂಪರ್ ಪ್ಲಾಸ್ಟಿಸೈಸರ್, ಅಂದ್ರೆ ನೀರು ಜಾಸ್ತಿ ಹಾಕ್ದೇನೇ ಮಿಶ್ರಣನ ತೆಳ್ಳಗೆ ಹರಿಯೋ ಹಾಗೆ ಮಾಡೋ ರಾಸಾಯನಿಕ. ಮರಳನ್ನ ತೊಳೆದು ಪೂರ್ತಿ ಒಣಗಿಸಿ ಹಿಟ್ಟು ಜರಡಿ ಹಿಡಿಯೋ ಒಂದ್ರಿಲಿ ಜರಡಿ ಹಿಡೀರಿ, ಎಂ ಸ್ಯಾಂಡ್ ಆದ್ರೂ ನಡಿಯತ್ತೆ. ಬಿಳಿ ಬೇಕಾದ್ರೆ ವೈಟ್ ಸಿಮೆಂಟ್ ಹಾಕಿ, ಅಂಗಡಿಲಿ ವಾಲ್ ಪುಟ್ಟಿ ಕೊಟ್ರೆ ತಗೋಬೇಡಿ, ಅದು ಎರಕಕ್ಕೆ ಆಗಲ್ಲ. ಕಲಸುವಾಗ ಗಟ್ಟಿ ಅನ್ಸತ್ತೆ, ನೀರು ಸುರಿಯೋ ಆಸೆ ಆಗತ್ತೆ, ತಡೀರಿ, ಮೂರು ನಾಲ್ಕು ನಿಮಿಷ ಕಲಸ್ತಾ ಇದ್ರೆ ಪ್ಲಾಸ್ಟಿಸೈಸರ್ ಕೆಲಸ ಮಾಡಿ ತಾನೇ ದೋಸೆ ಹಿಟ್ಟಿನ ಹದಕ್ಕೆ ಬರತ್ತೆ. ನೀರು ಜಾಸ್ತಿ ಆದ್ರೆ ಅಂಚು ಪುಡಿಪುಡಿ ಆಗತ್ತೆ. ಕೈಗೆ ಗ್ಲೌಸ್, ಮುಖಕ್ಕೆ ಎನ್95 ಮಾಸ್ಕ್ ಇಲ್ದೆ ಸಿಮೆಂಟ್ ಮುಟ್ಬೇಡಿ, ಹಸಿ ಸಿಮೆಂಟ್ ಚರ್ಮ ಸುಡತ್ತೆ, ಮರಳಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಿಕ್ಕಿದ್ದನ್ನ ಸಿಂಕ್‌ಗೆ ಸುರೀಬೇಡಿ, ಪೈಪಲ್ಲೇ ಗಟ್ಟಿಯಾಗತ್ತೆ.

ಮೋಲ್ಡ್‌ಗೆ ತೀರಾ ತೆಳ್ಳಗೆ ಎಣ್ಣೆ ಸವರಿ. ಬಿಲ್ಡಿಂಗ್ ತಲೆಕೆಳಗಾಗಿ, ಬುಡ ಮೇಲೆ ಬರೋ ಹಾಗೆ ಹೊಯ್ಯೋದು. ಗುಳ್ಳೆಗಳು ಯಾವಾಗ್ಲೂ ಮೇಲಕ್ಕೇಳ್ತವೆ, ಟೆರೇಸ್ ಜಾಗದಲ್ಲಿ ಚಾಚ್ಕೊಂಡಿರೋ ಸಿಲಿಕೋನ್‌ನ ಅಡಿಗೆ ಸಿಕ್ಕಾಕೊಳ್ತವೆ, ಬಿಲ್ಡಿಂಗ್ ತಲೆಕೆಳಗಾಗಿರೋದ್ರಿಂದ ಆ ಜಾಗ ಆಮೇಲೆ ಟೆರೇಸ್‌ನ ಸೀಲಿಂಗ್ ಆಗತ್ತೆ, ಅಲ್ಲಿ ಯಾರ ಕಣ್ಣೂ ಹೋಗಲ್ಲ. ಆದ್ರೂ ಮೊದಲು ಅರ್ಧ ತುಂಬಿ, ಮೋಲ್ಡನ್ನ ನಾಲ್ಕೂ ಕಡೆ ವಾಲಿಸಿ, ಟೇಬಲ್‌ಗೆ ಎರಡು ನಿಮಿಷ ಮೆಲ್ಲಗೆ ಕುಟ್ಟಿ, ಆಮೇಲೆ ಮಿಕ್ಕಿದ್ದು ತುಂಬಿ ಮತ್ತೆ ಕುಟ್ಟಿ. ಬುಡ ಸ್ವಲ್ಪ ಬಿಗಿದಾಗ ಮೊಳೆಲಿ ತಾರೀಖು, ನೀರಿನ ಅಳತೆ ಕೆತ್ತಿಬಿಡಿ, ಮುಂದಿನ ಎರಕಕ್ಕೆ ಅದೇ ಲೆಕ್ಕದ ಪುಸ್ತಕ.

24 ಗಂಟೆ ಮುಟ್ಬೇಡಿ, ಡಿಸೆಂಬರ್ ಚಳಿ ಇದ್ರೆ ಎರಡು ದಿನ. ಬಿಚ್ಚುವಾಗ ಮಾಡೆಲನ್ನ ಎಳೀಬೇಡಿ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಸಿಲಿಕೋನನ್ನ ಸುಲೀರಿ. ನಾನು ಒಂದ್ಸಲ ಸಾಯಂಕಾಲ ಹೊಯ್ದು ಬೆಳಗ್ಗೆನೇ ತೆಗೆದೆ, ಮೂರು ಮೂಲೆ ಮೋಲ್ಡ್‌ನಲ್ಲೇ ಉಳ್ಕೊಂಡ್ವು. ಆಮೇಲೆ ಕ್ಯೂರಿಂಗ್, ಮನೆ ಕಟ್ಟುವಾಗ ಗೋಣಿಚೀಲ ಹೊದಿಸಿ ನೀರು ಹಾಕ್ತಾರಲ್ಲ ಹಾಗೇ, ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ 7 ದಿನ ನೆರಳಲ್ಲಿಡಿ. ಬಿಸಿಲಿಗಿಟ್ರೆ ಬಿರುಕು ಗ್ಯಾರಂಟಿ.

ಕಣ್ಣಿಗೆ ಬೀಳೋ ತೂತುಗಳಿದ್ರೆ ಅದೇ ಸಿಮೆಂಟ್‌ನ ಹಾಲು ಮಾಡಿ ಬೆರಳಲ್ಲಿ ಒತ್ತಿ, 400ರ ಸ್ಯಾಂಡ್‌ಪೇಪರ್‌ಗೆ ನೀರು ಹಚ್ಚಿ ಉಜ್ಜಿ. ವಾರ್ನಿಶ್ ಬೇಡ, ಹೊಳಪು ಬಂದ್ರೆ ಕಾಂಕ್ರೀಟ್ ಅನ್ಸಲ್ಲ. ಸಾಯಂಕಾಲದ ಬಿಸಿಲು ಓರೆಯಾಗಿ ಬೀಳೋ ಕಿಟಕಿ ಹತ್ರ ಇಟ್ಟು ನೋಡಿ, ಟೆರೇಸ್‌ಗಳ ಒಳಗೆ ನೆರಳು ತುಂಬ್ಕೊಳ್ಳತ್ತೆ, ಗೋಡೆ ಅಂಚು ಗೆರೆ ಎಳೆದ ಹಾಗೆ ನಿಲ್ಲತ್ತೆ. ಮೋಲ್ಡನ್ನ ತೊಳೆದು, ಒಳಗೆ ಮಾಸ್ಟರ್ ಇಟ್ಟು ಮುಚ್ಚಿಟ್ಕೊಳ್ಳಿ, ಖಾಲಿ ಬಿಟ್ರೆ ಸಿಲಿಕೋನ್ ಸೊಟ್ಟಗಾಗಿ ಮುಂದಿನ ಬಿಲ್ಡಿಂಗ್ ವಾಲತ್ತೆ.