ಚಹಾ ಬಣ್ಣದ ಆಯಿಲ್

2014ರ ಜುಲೈ. ಪುನರ್ವಸು ಮಳೆ ಜಡಿ ಹಿಡಿದಿತ್ತು. ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ನನ್ನ ಜೀಪಿನ ಹಿಂದಿನ ಚಕ್ರಗಳ ನಡುವಿನ ಗೇರ್ ಗೂಡು, ಅಂದರೆ ಹಿಂದಿನ ಹೌಸಿಂಗ್‌ನ ಬೋಲ್ಟ್ ಬಿಚ್ಚಿದರು. ಅದರ ಕೆಳಗೆ ಇಟ್ಟಿದ್ದ ಹಳೇ ಬಾಣಲೆಯನ್ನು ನನ್ನ ಕಡೆ ತಳ್ಳಿ, "ಗೌಡ್ರೇ, ಚಹಾ ಬೇಕಾ?" ಅಂದರು. ಒಳಗಿದ್ದದ್ದು ಗೇರ್ ಆಯಿಲ್. ಬಣ್ಣ ಮಾತ್ರ ಹಾಲು ಹಾಕಿದ ಚಹಾದ್ದೇ. ನೀರು ಸೇರಿ ಎಷ್ಟು ದಿನವಾಗಿತ್ತೋ! ಬೇರಿಂಗ್ ತುಕ್ಕು ತಿಂದಿತ್ತು, ಕ್ರೌನ್ ಗೇರಿನ ಹಲ್ಲು ಸವೆದಿತ್ತು. ಬಿಲ್ಲು 16,000 ರೂಪಾಯಿ.

ಜೀಪು ತಗೊಂಡು ಆಗ ಏಳು ತಿಂಗಳು. 1996ರ ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್ ಇಂಜಿನ್, 2112 ಸಿಸಿ. ಕೊಟ್ಟಿದ್ದು 1,35,000. ತಗೊಳ್ಳುವಾಗ ಎಲ್ಲರ ಹಾಗೆ ನಾನೂ ಬಾನೆಟ್ ಎತ್ತಿ ಇಂಜಿನ್ ಸದ್ದು ಕೇಳಿದೆ, ಹೊಗೆ ನೋಡಿದೆ, ಆಯಿಲ್ ಕಡ್ಡಿ ಎಳೆದು ಮೂಸಿದೆ. ಅಡಿಗೆ ಬಗ್ಗಿ ನೋಡಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಇಂಜಿನ್ ನನಗೆ ಒಮ್ಮೆಯೂ ದೊಡ್ಡ ಖರ್ಚು ತಂದಿಲ್ಲ. ದುಡ್ಡು ಹೋಗಿದ್ದೆಲ್ಲ ಮೊಣಕಾಲಿನಿಂದ ಕೆಳಗೆ, ನೀರು ಮುಟ್ಟುವ ಕಡೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ 17 ಕಿ.ಮೀ. ಅದರಲ್ಲಿ ಕೊನೆಯ ಎರಡೂವರೆ ಕಿ.ಮೀ. ಮಣ್ಣು ರಸ್ತೆ, ಮಧ್ಯೆ ಒಂದು ಹಳ್ಳ. ನಡೆದು ಹೋಗುವವರಿಗೆ ಕಾಲುಸಂಕ ಇದೆ, ಗಾಡಿಗೆ ಹಳ್ಳವೇ ದಾರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಜೀಪು ಹಾಳಾಗಲು ಸಾಕು. ಮಗನನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ನನ್ನ ಕೆಲಸಕ್ಕೆ ಪೇಟೆಗೆ ಹೋಗುವುದು, ಗೊಬ್ಬರ, ಹಿಂಡಿ, ಅಡಿಕೆ ಮೂಟೆ, ಎಲ್ಲ ಇದರಲ್ಲೇ. ಶೋಕಿಗೆ ಇಟ್ಟ ಜೀಪಲ್ಲ. ನಾಳೆ ಬೆಳಿಗ್ಗೆ ಏಳೂವರೆಗೆ ಸ್ಟಾರ್ಟ್ ಆಗಲೇಬೇಕು.

ಆ ಚಹಾ ಕಥೆಗೆ ಕಾರಣ ಒಂದು ಪುಟ್ಟ ಬ್ರೀದರ್. ಹೌಸಿಂಗ್ ಮೇಲೆ ಗಾಳಿ ಆಡಲು ಇರುವ ಸಣ್ಣ ಕಿಂಡಿ ಅದು. ಪೇಟೆಯಿಂದ ಓಡಿ ಬಂದ ಹೌಸಿಂಗ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಆ ಬಿಸಿಯಲ್ಲೇ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಬ್ರೀದರ್ ಸರಿ ಇದ್ದು ನೀರಿನ ಮೇಲಿದ್ದರೆ ಗಾಳಿ ಎಳೆಯುತ್ತದೆ. ಕೆಸರು ಕಟ್ಟಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆಯುತ್ತದೆ. ನನ್ನದರಲ್ಲಿ ಅದು ಮಣ್ಣು ತುಂಬಿ ಕಲ್ಲಾಗಿತ್ತು.

ಮೇಸ್ತ್ರಿ ಹೇಳಿಕೊಟ್ಟ ಪರಿಹಾರಕ್ಕೆ ಖರ್ಚಾಗಿದ್ದು ನೂರಾ ಇಪ್ಪತ್ತು ರೂಪಾಯಿ. ಬ್ರೀದರ್ ತೆಗೆದು, ಅದೇ ತೂತಿಗೆ ಒಂದು ನಿಪ್ಪಲ್ ಕೂರಿಸಿ, ಡೀಸೆಲ್ ಪೈಪ್ ಹಾಕಿದೆವು. ಹಿಂದಿನ ಪೈಪನ್ನು ಸೀಟಿನ ಎತ್ತರಕ್ಕೆ, ಮುಂದಿನದನ್ನು ಬಾನೆಟ್ ಒಳಗೆ ಮೇಲಕ್ಕೆ ಒಯ್ದು ಬಾಯಿ ಕೆಳಗೆ ಮಾಡಿ ಕಟ್ಟಿದೆವು. ಇದರ ಜೊತೆಗೆ ಹಳ್ಳದ ದಡದಲ್ಲಿ ಐದು ನಿಮಿಷ ನಿಲ್ಲಿಸುವ ಅಭ್ಯಾಸ ಮಾಡಿಕೊಂಡೆ. ಮಗ "ಯಾಕೆ ಅಪ್ಪಯ್ಯ ನಿಂತ್ವಿ?" ಅಂತ ಮೊದಲೆಲ್ಲ ಕೇಳುತ್ತಿದ್ದ. ಈಗ ಅವನೇ ಇಳಿದು ನೀರು ಎಷ್ಟಿದೆ ಅಂತ ಕಲ್ಲಿನ ಗುರುತು ನೋಡಿ ಬರುತ್ತಾನೆ.

ನೀರು ಸೇರಿದೆಯಾ ಅಂತ ನೋಡಲು ಗ್ಯಾರೇಜಿಗೆ ಹೋಗಬೇಕಿಲ್ಲ. ನೀರು ಆಯಿಲ್‌ಗಿಂತ ಭಾರ. ರಾತ್ರಿಯಿಡೀ ನಿಂತ ಜೀಪಿನಲ್ಲಿ ಅದು ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಅಡಿಯ ಬೋಲ್ಟನ್ನು ಪೂರ್ತಿ ಬಿಚ್ಚದೆ ನಿಧಾನ ಸಡಿಲ ಮಾಡಿ, ಒಂದು ಸ್ಟೀಲ್ ಲೋಟ ಹಿಡಿಯಿರಿ. ಮೊದಲು ಇಳಿಯುವುದು ನೀರಾದರೆ ಗೊತ್ತಾಗಿಬಿಡುತ್ತದೆ. ಎರಡು ಹನಿ ಬಂದು ಆಮೇಲೆ ಶುದ್ಧ ಆಯಿಲ್ ಬಂದರೆ ಬೋಲ್ಟ್ ಬಿಗಿ ಮಾಡಿ, ಸೋರಿದಷ್ಟು ಮೇಲಿನಿಂದ ತುಂಬಿಸಿ, ಇನ್ನೊಂದು ವಾರಕ್ಕೆ ಮತ್ತೆ ನೋಡುತ್ತೇನೆ. ಚಹಾ ಬಣ್ಣ ಬಂದರೆ ಮಾತ್ರ ಅಷ್ಟನ್ನೂ ಚೆಲ್ಲಲೇಬೇಕು, ಅದರಲ್ಲಿ ಜಿಪುಣತನ ಸಲ್ಲ. ಮಳೆಗಾಲದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಭಾನುವಾರ ಇದನ್ನು ಮಾಡುತ್ತೇನೆ. ಆ ಲೋಟವನ್ನು ಅಡುಗೆಮನೆಯಿಂದ ಕದ್ದದ್ದಕ್ಕೆ ಹೆಂಡತಿಯಿಂದ ಬೈಸಿಕೊಂಡಿದ್ದೂ ಆಗಿದೆ.

ಎರಡನೇ ಪಾಠ ಸ್ಟೇರಿಂಗ್ ನಡುಕದ್ದು. ಇದರಲ್ಲಿ ನಾನು ಸುಮ್ನೆ ದುಡ್ಡು ಕಳೆದೆ. 40ರ ವೇಗ ಮುಟ್ಟಿದ ಕೂಡಲೇ, ಒಂದು ಗುಂಡಿ ಸಿಕ್ಕರೆ ಸಾಕು, ಮುಂದಿನ ಚಕ್ರ ಎರಡೂ ಭೂತ ಹೊಕ್ಕ ಹಾಗೆ ಕುಣಿಯುತ್ತಿದ್ದವು. ಗಾಡಿ ನಿಲ್ಲಿಸಿದರೆ ಮಾತ್ರ ನಿಲ್ಲುತ್ತಿತ್ತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಟೈರ್ ಬದಲಿಸಿ ಅಂದರು, ಬದಲಿಸಿದೆ. ಅಲೈನ್‌ಮೆಂಟ್ ಮಾಡಿಸಿ ಅಂದರು, ಮಾಡಿಸಿದೆ. ಸ್ಟೇರಿಂಗ್ ಸರಳಿನ ತುದಿಯ ಕೀಲು, ಅಂದರೆ ಟೈರಾಡ್ ಎಂಡ್, ನಾಲ್ಕೂ ಹೊಸದು ಹಾಕಿಸಿದೆ. ಹನ್ನೆರಡು ಸಾವಿರ ಹೋಯಿತು, ಕುಣಿತ ಹೋಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಕೊಡಚಾದ್ರಿಗೆ ಜೀಪು ಓಡಿಸುವ ಒಬ್ಬ ಡ್ರೈವರ್. ನಾವು ಬಂಧುಗಳನ್ನು ಕರೆದುಕೊಂಡು ಹೋಗಿದ್ದೆವು. ಆ ಕಲ್ಲುಗುಂಡಿ ದಾರಿಯಲ್ಲಿ ದಿನಕ್ಕೆ ಎರಡು ಮೂರು ಸಲ ಹತ್ತಿ ಇಳಿಯುವವರಿಗೆ ಜೀಪಿನ ಕಾಯಿಲೆ ನಾಡಿ ಹಿಡಿದ ಹಾಗೆ ಗೊತ್ತಾಗುತ್ತದೆ. ಅವರು ಹೇಳಿದ ಪರೀಕ್ಷೆ ಇಷ್ಟೇ. ಮುಂದಿನ ಚಕ್ರ ಜಾಕಿ ಕೊಟ್ಟು ಎತ್ತಿ. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ತುಳಿದರೂ ಆಟ ಉಳಿದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಇರುವ ಗೂಟ, ಅಂದರೆ ಕಿಂಗ್‌ಪಿನ್.

ಮನೆಗೆ ಬಂದು ಮಗನನ್ನು ಸೀಟಿನಲ್ಲಿ ಕೂರಿಸಿದೆ. "ಒತ್ತಿದ್ದೀನಿ ಅಪ್ಪಯ್ಯ" ಅಂದ. ಚಕ್ರ ಇನ್ನೂ ಟಕ್ ಟಕ್ ಅನ್ನುತ್ತಿತ್ತು. ಕಿಂಗ್‌ಪಿನ್ ಬೇರಿಂಗಿಗೂ ನೀರು ಹೋಗಿ ಗ್ರೀಸ್ ತೊಳೆದು ಹಾಕಿತ್ತು. ಹೊಸ ಬೇರಿಂಗ್, ಸೀಲು, ತೆಳ್ಳನೆ ಶಿಮ್ ತಗಡು ಹಾಕಿ ಬಿಗಿ ಸರಿಮಾಡಿದ್ದು, ಕೂಲಿ ಎಲ್ಲ ಸೇರಿ 3,800. ಕುಣಿತ ಅಲ್ಲಿಗೆ ನಿಂತಿತು. ಈಗ ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಈ ಅಲ್ಲಾಡಿಸುವ ಪರೀಕ್ಷೆ ತಪ್ಪಿಸುವುದಿಲ್ಲ. ಅದೇ ಡ್ರೈವರಿಂದ ಕಲಿತ ಇನ್ನೊಂದು ಅಭ್ಯಾಸವೂ ಉಳಿದಿದೆ. ದೂರ ಹೋಗಿ ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರದ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡುವುದು. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹಾಳಾಗುತ್ತಿದೆ ಅಂತ ಅರ್ಥ. ಮೊದಲು ಹತ್ತಿರ ಹಿಡಿದು ನೋಡಿ, ಆಮೇಲೆ ಮುಟ್ಟಿ. ನಾನು ಒಮ್ಮೆ ಸುಟ್ಟುಕೊಂಡಿದ್ದೇನೆ.

ಬ್ರೇಕ್ ನಾಲ್ಕೂ ಡ್ರಮ್. ಹಳ್ಳ ದಾಟಿದ ಮೇಲೆ ಡ್ರಮ್ಮಿಗೆ ಉಜ್ಜುವ ಲೈನರ್ ಪಟ್ಟಿ ಒದ್ದೆಯಾಗಿ ಮೊದಲ ಎರಡು ತುಳಿತಕ್ಕೆ ಬ್ರೇಕೇ ಇರುವುದಿಲ್ಲ. ದಡ ಹತ್ತಿ ನಿಧಾನಕ್ಕೆ ಹೋಗುತ್ತಾ ಹಗುರವಾಗಿ ಬ್ರೇಕ್ ಹಿಡಿದರೆ ಬಿಸಿಗೆ ಒಣಗುತ್ತದೆ. ನೀರು ಹೋದರೂ ನುಣ್ಣನೆ ಮರಳು ಒಳಗೇ ಉಳಿದು ಲೈನರ್ ತಿನ್ನುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಡ್ರಮ್ ಬಿಚ್ಚಿ ಒರೆಸುತ್ತೇನೆ. ಬ್ರೇಕ್ ಆಯಿಲ್ ತಾನಾಗಿಯೇ ಗಾಳಿಯ ತೇವ ಹೀರುತ್ತದೆ, ನಮ್ಮ ಊರಿನ ಗಾಳಿಯಲ್ಲಿ ತೇವಕ್ಕೆ ಬರವೇ? ಅದರಿಂದ ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಚುಕ್ಕೆ ಎದ್ದು ಸೋರಲು ಶುರುವಾಗುತ್ತದೆ. ಪ್ರತಿ ವರ್ಷ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಪೂರ್ತಿ ಬದಲಿಸುತ್ತೇನೆ. ಆ ಖರ್ಚು ಒಂದು ಸಿಲಿಂಡರ್ ಕ್ರಯಕ್ಕಿಂತ ಕಡಿಮೆ.

ಗ್ರೀಸ್ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚ. ಗ್ರೀಸ್ ಗನ್ ಸ್ವಂತದ್ದು, ಎಪಿ 3 ಗ್ರೀಸ್ ಡಬ್ಬ ಕೊಟ್ಟಿಗೆಯಲ್ಲೇ ಇರುತ್ತದೆ. ಇಂಜಿನ್ ಬಲವನ್ನು ಚಕ್ರದ ಕಡೆ ಒಯ್ಯುವ ಪ್ರೊಪೆಲ್ಲರ್ ಸರಳಿನ ಕ್ರಾಸ್ ಕೀಲು, ಪ್ಲೇಟ್ ಸ್ಪ್ರಿಂಗಿನ ತುದಿಯ ಶ್ಯಾಕಲ್ ಕೊಂಡಿ, ಸ್ಟೇರಿಂಗ್ ಕೊಂಡಿ, ಎಲ್ಲ ನಿಪ್ಪಲ್‌ಗಳಿಗೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊಡೆಯುತ್ತೇನೆ. ಎರಡು ಪಂಪ್ ಹೊಡೆದು ಬಿಡುವುದಲ್ಲ. ಒಳಗಿನ ಕೆಸರು ಬಣ್ಣದ ಹಳೇ ಗ್ರೀಸ್ ಹೊರಗೆ ಬಂದು, ಅದರ ಹಿಂದೆ ಹೊಸದು ಇಣುಕುವವರೆಗೆ. ಗ್ರೀಸ್ ಒಳಗೆ ಹೋದಂತೆ ನೀರು ಹೊರಗೆ ಹೋಗುತ್ತದೆ, ಅದಕ್ಕೇ ಈ ಕೆಲಸ. ಮೊದಲು ವರ್ಷಕ್ಕೆ ಎರಡು ಕ್ರಾಸ್ ಬದಲಿಸುತ್ತಿದ್ದೆ. ಕಳೆದ ನಾಲ್ಕು ವರ್ಷದಲ್ಲಿ ಹಾಕಿದ್ದು ಒಂದೇ ಒಂದು.

ಚಾಸಿಗೆ, ಅಂದರೆ ಜೀಪಿನ ಅಡಿಯ ಕಬ್ಬಿಣದ ಚೌಕಟ್ಟಿಗೆ, ಇಂಜಿನ್ನಿಂದ ತೆಗೆದ ಸುಟ್ಟ ಆಯಿಲ್ ಹೊಡೆಯುವುದು ನಮ್ಮ ಕಡೆ ಹಳೇ ಪದ್ಧತಿ. ತುಕ್ಕು ತಡೆಯುತ್ತದೆ, ನಿಜ. ಆದರೆ ರಬ್ಬರ್ ಬುಷ್, ಬ್ರೇಕ್ ಹೋಸ್‌ಗೆ ತಾಗಿದರೆ ಅವು ಉಬ್ಬಿ ಮೆತ್ತಗಾಗುತ್ತವೆ. ಮಳೆ ಹೊತ್ತಿಗೆ ಹೊಡೆದರೆ ತೊಳೆದು ಹಳ್ಳಕ್ಕೆ ಹೋಗುತ್ತದೆ, ಅದೇ ಹಳ್ಳದ ನೀರು ಕೆಳಗಿನ ಮನೆಯವರ ತೋಟಕ್ಕೆ. ನಾನು ಫೆಬ್ರವರಿಯಲ್ಲಿ, ಮಣ್ಣು ಪೂರ್ತಿ ಒಣಗಿದಾಗ ಕೆರೆದು ತೊಳೆದು, ರೆಡಾಕ್ಸೈಡ್ ಬಳಿದು, ಮೇಲೆ ಕಪ್ಪು ಪೇಂಟ್ ಹೊಡೆಯುತ್ತೇನೆ. ಜೀಪಿನ ಹೊರಮೈಗೆ ಪೇಂಟ್ ಹೊಡೆಸಿ ಎಂಟು ವರ್ಷ ಆಯಿತು. ನೋಡಲು ಚೆಂದವಿಲ್ಲ. ಇರಲಿ ಬಿಡಿ.

ಇಂಜಿನ್ ಬಗ್ಗೆ ಎರಡೇ ಮಾತು. ಹಿಂದಿನ ಮಾಲೀಕರು, ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಹಾಕಿಸಿದ್ದರು. ಹೀಟ್ ಆಗಲ್ಲ ಅಂತ ಬಹಳ ಜನ ಹೀಗೆ ಮಾಡಿಸುತ್ತಾರೆ. ನಮ್ಮ ಚಳಿ, ಮಳೆಗೆ ಇಂಜಿನ್ ಬಿಸಿಯೇ ಆಗದೆ ಬೆಳಿಗ್ಗೆ ಬಿಳಿ ಹೊಗೆ ಬಿಡುತ್ತಾ, ಡೀಸೆಲ್ ಜಾಸ್ತಿ ಕುಡಿಯುತ್ತಿತ್ತು. ಮತ್ತೆ ಹಾಕಿಸಿದೆ. ಲೀಟರಿಗೆ ಒಂದು ಕಿ.ಮೀ. ಹೆಚ್ಚು ಸಿಕ್ಕಿತು. ಹೀಟ್ ಆಗುತ್ತಿದ್ದ ನಿಜವಾದ ಕಾರಣ ರೇಡಿಯೇಟರ್ ಸಂದಿಯ ಕೆಸರು ಮತ್ತು ಹುಲ್ಲಿನ ಬೀಜ. ಇಂಜಿನ್ ಕಡೆಯಿಂದ ಹೊರಕ್ಕೆ ನಿಧಾನ ನೀರು ಬಿಟ್ಟರೆ ಬಂದ ದಾರಿಯಲ್ಲೇ ಹೋಗುತ್ತದೆ. ಒಳಗೆ ಹಾಕುವ ಕೂಲಂಟ್‌ಗೆ ಬೆರೆಸಲು ಮಳೆ ನೀರು ಹಿಡಿದಿಡುತ್ತೇನೆ. ಹೆಂಚಿನ ಮೇಲಿಂದ ಬಿದ್ದದ್ದಲ್ಲ, ಅಂಗಳದಲ್ಲಿ ಬಕೆಟ್ ಇಟ್ಟು ನೇರ ಆಕಾಶದಿಂದ. ಉಪ್ಪಿನಂಶವಿಲ್ಲದ ನೀರು, ಒಳಗೆ ಬಿಳಿ ಪದರ ಕಟ್ಟುವುದಿಲ್ಲ. ಮಲೆನಾಡಿನಲ್ಲಿದ್ದು ಬಾಟಲಿ ನೀರು ಕೊಳ್ಳುವುದಾ?

ಡೀಸೆಲ್ ಪೈಪಿನ ಜಾಯಿಂಟಿನ ತಾಮ್ರದ ವಾಷರ್ ಹಳತಾದರೆ ಗಾಳಿ ಎಳೆದು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಅಂಗಡಿಗೆ ಓಡುವ ಬದಲು ಆ ವಾಷರನ್ನೇ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮತ್ತೆ ಕೂರಿಸಿದರೆ ಹೊಸದರಂತೆ ಹಿಡಿಯುತ್ತದೆ.

ಕರೆಂಟಿನ ಕಾಟದಲ್ಲಿ ಅರ್ಧ ಅರ್ತಿಂಗ್‌ದು. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಇಂಜಿನ್‌ಗೆ ಹೋಗುವ ಪಟ್ಟಿಯ ಬೋಲ್ಟ್ ಬಿಚ್ಚಿ ಉಪ್ಪುಕಾಗದ ಹಾಕಿ ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದರೆ ಮಳೆಗಾಲ ಕಳೆಯುತ್ತದೆ. ಇನ್ನರ್ಧ ಇಲಿಯದ್ದು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಸಾಮಾನು ತರುವುದು ಶಿವಮೊಗ್ಗದಿಂದ, ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಬೇರಿಂಗ್, ಆಯಿಲ್ ಸೀಲ್, ಬ್ರೇಕಿನ ರಬ್ಬರ್ ಕಿಟ್, ಈ ಮೂರರಲ್ಲಿ ಅಗ್ಗದ ಮಾಲು ತಗೊಳ್ಳುವುದಿಲ್ಲ. ಹಳೇ ಬೇರಿಂಗ್ ಎಸೆಯದೆ ಒರೆಸಿ ಜೇಬಿಗೆ ಹಾಕಿಕೊಂಡು ಹೋಗಿ. ಅಂಚಿನಲ್ಲಿ ಕೆತ್ತಿದ ನಂಬರ್ ಕೊಟ್ಟರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ, ಜೀಪಿನ ಹೆಸರು ಹೇಳಬೇಕಿಲ್ಲ, ರೇಟೂ ಕಡಿಮೆ. ಕನ್ನಡಿ, ಬಂಪರ್, ಬಾಗಿಲು, ಸೀಟಿನ ಚೌಕಟ್ಟು, ಇವೆಲ್ಲ ಗುಜರಿಯದ್ದೇ ಸಾಕು. ಹಳೇ ಪ್ಲೇಟ್ ಸ್ಪ್ರಿಂಗೂ ಗುಜರಿಯಲ್ಲಿ ಒಳ್ಳೆಯದು ಸಿಕ್ಕಿದೆ.

ಲೆಕ್ಕ ಹೇಳಬೇಕಲ್ಲ. ತಿಂಗಳಿಗೆ 2,500 ರೂಪಾಯಿ ಒಂದು ಡಬ್ಬಕ್ಕೆ ಹಾಕುತ್ತೇನೆ, ಜೀಪು ಕೆಟ್ಟರೂ ಕೆಡದಿದ್ದರೂ. ಅಡಿಕೆ ಕೊಯ್ಲಿನ ಕೂಲಿ ಲೆಕ್ಕದ ಪುಸ್ತಕದ ಹಿಂದಿನಿಂದ ಜೀಪಿನ ಲೆಕ್ಕ ಬರೆಯುತ್ತೇನೆ. ಡೀಸೆಲ್, ಇನ್ಶೂರೆನ್ಸ್ ಬಿಟ್ಟು ಕಳೆದ ವರ್ಷ ಆದದ್ದು 21,400. ಅದರಲ್ಲಿ ಅರ್ಧ ಟೈರಿಗೆ. ಮೊದಲ ವರ್ಷ ಬರೆದದ್ದು 58,000 ಚಿಲ್ಲರೆ. ಆಗ ಕೆಟ್ಟ ಮೇಲೆ ರಿಪೇರಿ ಮಾಡಿಸುತ್ತಿದ್ದೆ. ಆರ್‌ಟಿಒ ಲೆಕ್ಕ ಬೇರೆ. 2021ರಲ್ಲಿ ಆರ್‌ಸಿ ರಿನ್ಯೂವಲ್‌ಗೆ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರು, ಜೀಪಿಗೆ 10,000 ಮಾಡಿದರು. ನನ್ನದರ ಸರದಿ 2026ರಲ್ಲಿ. ಅದಕ್ಕೆ ಡಬ್ಬ ಇನ್ನೊಂದು ಇಟ್ಟಿದ್ದೇನೆ.

ಮಾರಿ ಹೊಸದು ತಗೋ ಅಂತ ಭಾವ ವರ್ಷಕ್ಕೊಮ್ಮೆ ಹೇಳುತ್ತಾರೆ, ಅದೂ ನನ್ನ ಜೀಪಿನಲ್ಲಿ ಕೂತು ಹಳ್ಳ ದಾಟುವಾಗ.

ಮೊನ್ನೆ ಭಾನುವಾರ ಲೋಟ ಹಿಡಿದೆ. ಹಿಂದಿನ ಹೌಸಿಂಗ್ ಶುದ್ಧ. ಮುಂದಿನದರಲ್ಲಿ ಎರಡು ಚಮಚ ನೀರು. ಬಾನೆಟ್ ಎತ್ತಿ ನೋಡಿದರೆ ಬ್ರೀದರ್ ಪೈಪನ್ನು ಇಲಿ ಕೆಳಗಿನವರೆಗೂ ಕಡಿದು ಹಾಕಿದೆ. ಪೈಪ್ ತರಲು ಪೇಟೆಗೆ ಹೋಗಬೇಕು. ಪೇಟೆಗೆ ಹೋಗಲು ಹಳ್ಳ ದಾಟಬೇಕು. ಸದ್ಯಕ್ಕೆ ಮಗನ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ.